ಎಂಟು ಮೀಟರ್ ಕೆಳಗಿನ ಎಂಜಲು

ನಾನೊಂದು ರೆಗ್ಯುಲೇಟರ್. ಸಮುದ್ರದೊಳಗೆ ಇಳಿಯುವವರ ಬೆನ್ನ ಮೇಲೆ ಗಾಳಿ ತುಂಬಿದ ಸಿಲಿಂಡರ್ ಇರುತ್ತದಲ್ಲ, ಅದರಿಂದ ಒಂದು ಕಪ್ಪು ಕೊಳವೆ ಬಾಯಿಯವರೆಗೆ ಬರುತ್ತದೆ. ಆ ಕೊಳವೆಯ ತುದಿಯಲ್ಲಿ, ಹಲ್ಲುಗಳ ನಡುವೆ ಕೂರುವವನು ನಾನು. ಸಿಲಿಂಡರಿನ ಗಾಳಿಗೆ ಭಾರಿ ಒತ್ತಡ. ಅದನ್ನು ಪಳಗಿಸಿ, ಎಳೆದಾಗ ಎಳೆದಷ್ಟೇ ಉಸಿರು ಕೊಡುವುದು ನನ್ನ ಕೆಲಸ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ನಾನು ಎಂಜಲು, ಸಾವಿರಾರು ಬಾಯಿಗಳ ಎಂಜಲು. ಅದಕ್ಕಾಗಿ ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ.

ನಾನು ಹುಟ್ಟಿದ್ದು ಸಮುದ್ರದ ಗಾಳಿಯೂ ಸುಳಿಯದ ಒಂದು ಕಾರ್ಖಾನೆಯಲ್ಲಿ. ಹಿತ್ತಾಳೆ, ಪ್ಲಾಸ್ಟಿಕ್ಕು, ಹೊಟ್ಟೆಯೊಳಗೆ ಹಪ್ಪಳದಷ್ಟು ತೆಳುವಾದ ಒಂದು ರಬ್ಬರ್ ಪರದೆ, ಕಚ್ಚಿಕೊಳ್ಳಲು ಮೆತ್ತನೆಯ ರಬ್ಬರ್ ಬಾಯಿ, ಇಷ್ಟೇ ನನ್ನ ಮೈ. ನನ್ನ ಮೊದಲ ಉಸಿರನ್ನು ಎಳೆದದ್ದು ಪರೀಕ್ಷೆಯ ಯಂತ್ರ. ಪಾಸು ಎಂದು ಚೀಟಿ ಅಂಟಿಸಿ ಡಬ್ಬಿಗೆ ಹಾಕಿದರು.

ಡಬ್ಬಿ ತೆರೆದದ್ದು ಮಾಲ್ಡೀವ್ಸಿನ ಒಂದು ರೆಸಾರ್ಟಿನಲ್ಲಿ. ಅಲ್ಲಿ ನನಗೆ ಹೆಸರಿರಲಿಲ್ಲ, ಇಪ್ಪತ್ತೇಳು ಎಂಬ ನಂಬರಿತ್ತು. ನೀರು ತಿಳಿ ಎಂದರೆ ತಿಳಿ, ಕೆಳಗೆ ಬಿದ್ದ ಉಂಗುರ ದೋಣಿಯಿಂದಲೇ ಕಾಣುತ್ತಿತ್ತು. ಸಂಜೆಯಾದರೆ ನಮಗೆಲ್ಲ ಔಷಧಿ ಹಾಕಿದ ಸಿಹಿನೀರಿನ ಸ್ನಾನ. ಹೊಸ ಮದುಮಕ್ಕಳು ಬರುವರು, ನನ್ನನ್ನು ಕಚ್ಚಿಕೊಂಡು ಫೋಟೋ ತೆಗೆಸಿಕೊಳ್ಳುವರು, ಮೇಲೆ ಬಂದೊಡನೆ ಉಗಿದು ಎಸೆಯುವರು. ಆರು ವರ್ಷದಲ್ಲಿ ಯಾರೊಬ್ಬರೂ ನನ್ನ ಮುಖವನ್ನು ಎರಡನೇ ಸಲ ನೋಡಲಿಲ್ಲ.

ಹಳತಾದೆವೆಂದು ನಮ್ಮನ್ನೆಲ್ಲ ಒಟ್ಟಿಗೆ ಅಂಡಮಾನಿನ ಹ್ಯಾವ್ಲಾಕಿಗೆ ಮಾರಿದರು. ಅಲ್ಲಿ ಸ್ನಾನಕ್ಕೆ ನೀಲಿ ಡ್ರಮ್ಮು, ನೀರು ಬದಲಿಸುವುದು ನೆನಪಾದಾಗ. ಆದರೆ ಅದು ಕಲಿಯುವವರ ದ್ವೀಪ. ಮೊದಲ ಸಲ ನೀರಿನಡಿ ಉಸಿರಾಡುವವನ ಹಲ್ಲು ನಡುಗುವುದನ್ನು ನಾನು ಬಲ್ಲೆ. ಹಾಗೆ ನಡುಗಿದವರಲ್ಲಿ ಮುರ್ಡೇಶ್ವರದ ಶನಿಯಾರ ಮೊಗೇರನೂ ಒಬ್ಬ. ಮೀನು ಹಿಡಿಯುವವರ ಮನೆಯ ಮಗ, ಉಸಿರು ಕಟ್ಟಿ ಮುಳುಗಿ ಕಲ್ಲಿನಿಂದ ಚಿಪ್ಪು ಕೀಳುತ್ತಿದ್ದವನು. ನೀರಿನೊಳಗೆ ಉಸಿರಾಡಬಹುದು ಎಂಬುದನ್ನು ನಂಬಲು ಅವನಿಗೆ ಮೂರು ದಿನ ಹಿಡಿಯಿತು. ನಂಬಿದ ಮೇಲೆ ಬಿಡಲಿಲ್ಲ. ಎರಡು ವರ್ಷ ಅಲ್ಲೇ ದುಡಿದು, ಕಲಿಸುವ ಸರ್ಟಿಫಿಕೇಟು ಪಡೆದು, ಹೊರಡುವಾಗ ನನ್ನನ್ನು ಕೊಂಡುಕೊಂಡ. ಅವತ್ತಿನಿಂದ ನಾನು ಇಪ್ಪತ್ತೇಳು ಅಲ್ಲ.

ಅವನ ಜೊತೆ ಲಕ್ಷದ್ವೀಪದ ಕಡಮತ್ತಿನಲ್ಲಿ ಒಂದು ಸೀಸನ್ ಕಳೆದೆ. ಆಮೆಗಳು ನಮ್ಮನ್ನು ಲೆಕ್ಕಕ್ಕೇ ಇಡದೆ ಪಕ್ಕದಲ್ಲಿ ಹಾದುಹೋಗುತ್ತಿದ್ದವು. ಸಿಹಿನೀರು ಅಲ್ಲಿ ಬಂಗಾರ, ನಮ್ಮ ಸ್ನಾನಕ್ಕೆ ಒಂದೇ ತಂಬಿಗೆ. ಆಮೇಲೆ ಅವನು ಊರಿಗೆ ಮರಳಿ, ನೇತ್ರಾಣಿ ದ್ವೀಪಕ್ಕೆ ಜನರನ್ನು ಕರೆದೊಯ್ಯುವ ದೋಣಿಯಲ್ಲಿ ಕೆಲಸ ಹಿಡಿದ. ನೇತ್ರಾಣಿಯೆಂದರೆ ಮುರ್ಡೇಶ್ವರದಿಂದ ಒಂದೂವರೆ ತಾಸಿನ ದಾರಿ, ಬಂಡೆಯ ಗುಡ್ಡ, ಮೇಲೆ ಮೀನುಗಾರರು ಹರಕೆಗೆ ಬಿಟ್ಟ ಆಡುಗಳು. ನೀರು ಒಂದು ದಿನ ತಿಳಿ, ಮರುದಿನ ಗಂಜಿ.

ದೋಣಿ ಹತ್ತಿದವರೆಲ್ಲ ಹೋಲಿಸುತ್ತಾರೆ. ಮಾಲ್ಡೀವ್ಸ್ ಮುಂದೆ ಇದೆಲ್ಲ ಏನೂ ಅಲ್ಲ ಎನ್ನುತ್ತಾನೆ ಒಬ್ಬ, ಅಂಡಮಾನಿಗೆ ಹೋಗಬೇಕಿತ್ತು ಎನ್ನುತ್ತಾಳೆ ಇನ್ನೊಬ್ಬಳು. ಒಂದು ಸಲ ಹೋಗಿಬಂದವರದೇ ಇಷ್ಟು ಬಾಯಿ. ನಾಲ್ಕು ಕಡೆಯ ಉಪ್ಪನ್ನೂ ಹೊಟ್ಟೆಯಲ್ಲಿಟ್ಟುಕೊಂಡವನನ್ನು ಯಾರೂ ಕೇಳುವುದಿಲ್ಲ. ನಾನು ನೀರಿನ ತಿಳಿಯನ್ನು ನೋಡಿ ದ್ವೀಪಕ್ಕೆ ಅಂಕ ಕೊಡುವವನಲ್ಲ. ಅಲ್ಲಿ ಮನುಷ್ಯ ಹೇಗೆ ಉಸಿರಾಡಿದ ಎಂಬುದಷ್ಟೇ ನನ್ನ ಲೆಕ್ಕ. ಆ ಲೆಕ್ಕದಲ್ಲಿ ನೇತ್ರಾಣಿಯನ್ನು ಮೇಲಿಡುತ್ತೇನೆ. ಯಾಕೆಂದು ಕೇಳಿ.

ಒಂದು ಜನವರಿಯಲ್ಲಿ ಗದಗಿನಿಂದ ಪ್ರಮೋದಿನಿ ಹುಯಿಲಗೋಳ ಎಂಬ ನಿವೃತ್ತ ಟೀಚರು ಬಂದರು. ಅರವತ್ತೊಂದು ವರ್ಷ, ಕೈಯಲ್ಲಿ ಡಾಕ್ಟರ ಸರ್ಟಿಫಿಕೇಟು, ಜೊತೆಗೆ ತಮ್ಮ ವಾದಿರಾಜ. ವಾದಿರಾಜರು ಎಲ್ಲ ದ್ವೀಪಗಳನ್ನೂ ಒಂದು ನೋಟುಬುಕ್ಕಿನಲ್ಲಿ ಹೋಲಿಸಿ ಬರೆದಿದ್ದರು. ಮಾಲ್ಡೀವ್ಸಿನಲ್ಲಿ ಸಸ್ಯಾಹಾರದ ತೊಂದರೆ, ಲಕ್ಷದ್ವೀಪಕ್ಕೆ ಪರ್ಮಿಟ್ಟು, ಅಂಡಮಾನಿನಲ್ಲಿ ಹವಳ ಚೆನ್ನಾಗಿದೆ, ನೇತ್ರಾಣಿ ಸುಮಾರು. ಅಕ್ಕ ಆರಿಸಿದ್ದು ಸುಮಾರನ್ನೇ.

"ಅಂಜಿಕಿ ಬಂದ್ರ ನಾ ಕನ್ನಡದಾಗ ಒದರಬೇಕು. ಇಲ್ಲೆ ಕೇಳವ್ರು ಇರ್ತಾರ," ಎಂದರಂತೆ. ನೀರಿನಡಿ ಬಾಯಲ್ಲಿ ನಾನಿರುವಾಗ ಅವರು ಯಾವ ಭಾಷೆಯಲ್ಲಿ ಒದರುವವರಿದ್ದರೋ, ನನಗೆ ತಿಳಿಯಲಿಲ್ಲ.

ಹೊರಡುವ ಮೊದಲು ಶನಿಯಾರ ಎಲ್ಲರ ಸಾಮಾನು ಹಂಚಿದ. ಹಿರಿಯರೆಂದು, ಇದ್ದುದರಲ್ಲಿ ಒಳ್ಳೆಯವನಾದ ನನ್ನನ್ನು ಔಷಧಿ ನೀರಿನಲ್ಲಿ ತೊಳೆದು ಟೀಚರಿಗೆ ಚಾಚಿದ. ಅವರು ನನ್ನ ರಬ್ಬರಿನ ಮೇಲಿದ್ದ ಹಲ್ಲಿನ ಗುರುತು ನೋಡಿದರು.

"ಇದು ಯಾರದು, ತಮ್ಮಾ?"

"ನಂದೇ ಅಕ್ಕೋರೇ. ಚೊಲೋ ಕೆಲ್ಸ ಮಾಡ್ತದೆ."

"ನಿಂದೇನು?" ಅವರ ಕೈ ಸೆರಗಿನ ಹಿಂದೆ ಹೋಯಿತು. "ತಪ್ಪ ತಿಳ್ಕೋಬ್ಯಾಡ. ಎಂಜಲ ನನಗ ಆಗಂಗಿಲ್ಲ. ಮೊದಲಿಂದ ಹಂಗ."

ಶನಿಯಾರ ನಕ್ಕ. ನಗುವಾಗ ಅವನ ಹಲ್ಲು ಕಾಣಲಿಲ್ಲ. ನನ್ನನ್ನು ತನ್ನ ಸಿಲಿಂಡರಿಗೆ ಜೋಡಿಸಿಕೊಂಡು, ಅವರಿಗೆ ಬೇರೊಂದನ್ನು ಕೊಟ್ಟ. ಜಾತಿಯ ಮಾತು ಯಾರೂ ಎತ್ತಲಿಲ್ಲ. ಟೀಚರು ನೀರು ಕುಡಿಯುವಾಗ ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದರು, ದೋಣಿಯ ಚಹಾ ಬೇಡವೆಂದರು. ಅದನ್ನೆಲ್ಲ ಅವನೂ ನೋಡಿದ, ನಾನೂ ನೋಡಿದೆ. ನನಗಂತೂ ಮೈಯೆಲ್ಲ ಉರಿಯಿತು.

ದಾರಿಯಲ್ಲಿ ವಾದಿರಾಜರು ಅಲೆಗೆ ತಲೆ ತಿರುಗಿ ಮುಂಭಾಗದಲ್ಲಿ ವಾಂತಿ ಮಾಡುತ್ತಿದ್ದಾಗ, ಈ ವಯಸ್ಸಿನಲ್ಲಿ ಇದೆಲ್ಲ ಎಂತಕ್ಕೆ ಎಂದು ಶನಿಯಾರ ಕೇಳಿದ. ತಮ್ಮನಿಗೂ ಹೇಳದ್ದನ್ನು ಟೀಚರು ಅವನಿಗೆ ಹೇಳಿದರು.

ಮೂವತ್ನಾಲ್ಕು ವರ್ಷ ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಒಮ್ಮೆ ಹವಳದ ಪಾಠದಲ್ಲಿ ಮೆಹರುನ್ನಿಸಾ ಎಂಬ ಹುಡುಗಿ ಎದ್ದು ನಿಂತು, ಅಕ್ಕೋರ ನೀವು ನೋಡೀರೇನು ಎಂದಳು. ನೋಡಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ನೋಡೀನಿ ಎಂದುಬಿಟ್ಟರು. ಸಮುದ್ರದ ತಳದಲ್ಲಿ ಕೆಂಡದ ಹಾಗೆ ಕೆಂಪಗೆ ಹೊಳೀತದ, ಮುಟ್ಟಿದರ ಹತ್ತಿ ಹಂಗ ಮೆತ್ತಗ ಅದ ಎಂದು ವರ್ಣಿಸಿದರು. ಮಕ್ಕಳು ಬೆರಗಾದರು. ಮುಂದಿನ ವರ್ಷ, ಅದರ ಮುಂದಿನ ವರ್ಷ, ನಿವೃತ್ತರಾಗುವ ತನಕ ಅದನ್ನೇ ಹೇಳಿದರು. ಈಗ ಅದೇ ಮೆಹರುನ್ನಿಸಾ ಅದೇ ಶಾಲೆಯಲ್ಲಿ ಅದೇ ಪಾಠ ಮಾಡುತ್ತಾಳೆ, ನಮ್ಮ ಅಕ್ಕೋರು ಕಣ್ಣಾರೆ ಕಂಡದ್ದು ಎಂದು ಸೇರಿಸಿ ಮಾಡುತ್ತಾಳೆ.

"ಒಂದು ಸಲ ನೋಡಬೇಕು, ತಮ್ಮಾ. ಇಲ್ಲಂದ್ರ ಸುಳ್ಳಗಾರತಿ ಆಗೇ ಸಾಯ್ತೀನಿ."

"ತೋರ್ಸ್ತೆ ಅಕ್ಕೋರೇ," ಎಂದ ಶನಿಯಾರ. ಅವನ ದನಿಯಲ್ಲಿದ್ದ ಮರ್ಯಾದೆಗೆ ನನಗೆ ಇನ್ನಷ್ಟು ಸಿಟ್ಟು ಬಂತು.

ದ್ವೀಪ ಮುಟ್ಟಿದ ಮೇಲೆ ಅವನು ಅವರ ಸಾಮಾನನ್ನೆಲ್ಲ ಪರೀಕ್ಷಿಸಿ, ಉಳಿದವರ ಪಟ್ಟಿ ಬಿಗಿಯಲು ಅತ್ತ ಹೋದ. ಆಗ ನಡೆದದ್ದನ್ನು ನಾನೊಬ್ಬನೇ ನೋಡಿದೆ. ಟೀಚರ ಚೀಲದಲ್ಲಿ ಯಾರೂ ಕಚ್ಚದ ಹೊಸ ರಬ್ಬರ್ ಬಾಯಿಯೊಂದಿತ್ತು. ಸೊಸೆ ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದು. ಅವರು ಸಣ್ಣ ಕತ್ತರಿಯಿಂದ ರೆಗ್ಯುಲೇಟರಿನ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಹಳೆಯ ಬಾಯಿ ಕಿತ್ತರು, ಹೊಸದನ್ನು ತೂರಿಸಿದರು. ಬಿಗಿಯಲು ಪಟ್ಟಿ ಇರಲಿಲ್ಲ. ಹೂ ಕಟ್ಟುವ ದಾರದ ಉಂಡೆ ಇತ್ತು. ಮೂರು ಸುತ್ತು ಸುತ್ತಿ, ಮಲ್ಲಿಗೆಗೆ ಹಾಕುವ ಗಂಟನ್ನೇ ನೀಟಾಗಿ ಹಾಕಿದರು. ಕೂಗಿ ಹೇಳಲು ನನಗೆಲ್ಲಿದೆ ದನಿ?

ಹಗ್ಗ ಹಿಡಿದು ಇಳಿದೆವು. ಎರಡು ಮೀಟರ್, ನಾಲ್ಕು, ಆರು. ಶನಿಯಾರ ಅವರ ತೋಳು ಹಿಡಿದಿದ್ದ. ಟೀಚರು ಕಣ್ಣರಳಿಸಿ ಕೆಂಪನ್ನು ಹುಡುಕುತ್ತಿದ್ದರು. ಎಂಟನೇ ಮೀಟರಿನಲ್ಲಿ ತಲೆಯನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸಿದರು. ಒದ್ದೆಯಾದ ದಾರ ಜಾರಿತು. ರೆಗ್ಯುಲೇಟರು ಕಳಚಿ ಕೆಳಗೆ ನೇತಾಡಿತು, ಬರಿಯ ರಬ್ಬರು ಹಲ್ಲಿನ ನಡುವೆ ಉಳಿಯಿತು. ಅವರು ಉಸಿರೆಳೆದರು. ಬಂದದ್ದು ನೀರು.

ಪ್ರತಿಯೊಬ್ಬರ ಎದೆಯ ಮೇಲೂ ತುರ್ತಿಗೆಂದು ಹಳದಿ ಬಣ್ಣದ ಇನ್ನೊಂದು ರೆಗ್ಯುಲೇಟರ್ ಇರುತ್ತದೆ. ಶನಿಯಾರನ ಕೈ ಅವರ ಹಳದಿಯ ಕಡೆ ಹೋಗುತ್ತಿತ್ತು. ಅವರು ಕಾಯಲಿಲ್ಲ. ಅವರ ಕಣ್ಣಿಗೆ ಕಂಡದ್ದು ನಾನೊಬ್ಬನೇ, ಅವನ ಬಾಯಲ್ಲಿ ಗುಳ್ಳೆ ಬಿಡುತ್ತಾ ಕೂತವನು. ಬಾಯಲ್ಲಿದ್ದ ರಬ್ಬರನ್ನು ಉಗಿದು, ಎರಡೂ ಕೈ ಚಾಚಿ, ಅವನ ಹಲ್ಲಿನಿಂದ ನನ್ನನ್ನು ಕಿತ್ತು ತಮ್ಮ ಬಾಯಿಗೆ ತುರುಕಿಕೊಂಡರು. ಶನಿಯಾರ ನನ್ನ ಹೊಟ್ಟೆಯ ಗುಂಡಿ ಒತ್ತಿ ಒಳಗಿನ ನೀರು ಹಾರಿಸಿದ, ಆಮೇಲೆ ತನ್ನ ಹಳದಿಯನ್ನು ಬಾಯಿಗಿಟ್ಟುಕೊಂಡ. ಅವರು ಎಳೆದರು. ನಾನು ಕೊಟ್ಟೆ.

ಕೊಡದಿರಬಹುದಿತ್ತು ಎಂದು ನನಗೆ ಅನ್ನಿಸಲೇ ಇಲ್ಲವೇ? ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ನನ್ನನ್ನು ಮಾಡಿದ ರೀತಿಯೇ ಹಾಗೆ, ಎಳೆದವರಿಗೆ ಕೊಡುವುದು.

ನಿಧಾನವಾಗಿ ಮೇಲೆ ಬಂದೆವು. ದೋಣಿಗೆ ಎಳೆದುಕೊಂಡ ಮೇಲೂ ಅವರು ನನ್ನನ್ನು ಬಿಡಲಿಲ್ಲ. "ಅಕ್ಕಾ, ಬಾಯಿ ಬಿಡು, ಮ್ಯಾಲೆ ಬಂದೀವಿ," ಎಂದು ವಾದಿರಾಜರು ನಾಲ್ಕು ಸಲ ಹೇಳಬೇಕಾಯಿತು. ಬಿಟ್ಟಾಗ ನನ್ನ ರಬ್ಬರಿನ ಮೇಲೆ ಶನಿಯಾರನ ಹಲ್ಲಿನ ಗುರುತಿನ ಮೇಲೇ ಅವರದೂ ಮೂಡಿತ್ತು. ಅವರು ಅದನ್ನು ನೋಡಿದರು, ಅವನನ್ನು ನೋಡಿದರು, ತುಟಿ ಒರೆಸಿಕೊಳ್ಳಲು ಎತ್ತಿದ ಕೈಯನ್ನು ಕೆಳಗಿಳಿಸಿದರು.

ಶನಿಯಾರ ದಾರ ಸಿಕ್ಕಿಕೊಂಡಿದ್ದ ರೆಗ್ಯುಲೇಟರನ್ನು ತಿರುಗಿಸಿ ನೋಡಿದ. "ಗಂಟು ಚೊಲೋ ಹಾಕಿದ್ರಿ ಅಕ್ಕೋರೇ. ಅದು ಹೂವಿಗಾಗುದು, ನೀರಿಗಲ್ಲ." ದಾರವನ್ನು ಬಿಡಿಸುತ್ತಾ, "ನೀರಿಗೆ ಬೀಳೂಕೆ ಮುಂಚೆ ನಾ ಇನ್ನೊಂದ್ಸಲ ನೋಡಬೇಕಿತ್ತು. ತಪ್ಪು ನಂದೂ ಉಂಟು," ಎಂದ.

"ನೋಡಾಕಾಗಲಿಲ್ಲ," ಎಂದರು ಟೀಚರು. "ಹವಳ."

"ಇವತ್ತು ಬೇಡ. ಹೆದ್ರಿದ ಮೈ, ಮತ್ತೆ ಇಳ್ಸುದಿಲ್ಲ. ಧೈರ್ಯ ಇದ್ರೆ ನಾಳೆ ಬೆಳಿಗ್ಗೆ ಬನ್ನಿ."

ವಾದಿರಾಜರಿಗೆ ರೇಗಿತು. "ಇನ್ನ ಸಾಕು ಅಕ್ಕಾ! ಬರೋ ವರ್ಷ ಅಂಡಮಾನಿಗೆ ಹೋಗೋಣು. ಅಲ್ಲೆ ಎಲ್ಲಾ ವ್ಯವಸ್ಥಾ ಹೊಸಾದು ಇರ್ತದ."

"ಯಾವ ನಡುಗಡ್ಡಿಗೆ ಹೋದ್ರೂ ನೀರಾಗ ಇನ್ನೊಬ್ರ ಬಾಯಿ ಉಸಿರ ಗತಿ, ವಾದಿ. ನಾ ಇಲ್ಲೇ ನೋಡ್ತೀನಿ."

ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಚೀಲ ತಂದಿರಲಿಲ್ಲ. ಶನಿಯಾರ ಬೇರೆ ರೆಗ್ಯುಲೇಟರ್ ಒಂದನ್ನು ಮುಂದಿಟ್ಟ. ಅವರು ನನ್ನ ಕಡೆ ಬೆರಳು ತೋರಿಸಿದರು.

"ಅದು ಬೇಕು."

"ಅದು ನಾ ಬಾಯಲ್ಲಿ ಇಟ್ಕಂಬುದು, ಅಕ್ಕೋರೇ."

"ಗೊತ್ತದ. ನಿನ್ನೆ ಕೇಳದ ಕಸಗೊಂಡೆ. ಇವತ್ತ ಕೇಳಿ ತಗೋತೀನಿ. ಕೊಡ್ತೀಯೇನು?"

ಅವನು ಒಡನೆ ಕೊಡಲಿಲ್ಲ. ನನ್ನನ್ನು ಕೈಗೆತ್ತಿಕೊಂಡ. ಒಳಗೇನು ನಡೆಯಿತೋ ನಾನರಿಯೆ, ಅವನ ಹೆಬ್ಬೆರಳು ಮಾತ್ರ ನನ್ನ ಬೆನ್ನ ಮೇಲೆ ಗಟ್ಟಿಯಾಗಿ ಒತ್ತಿತ್ತು. ಔಷಧಿ ನೀರಿಗೆ ಅದ್ದಲು ಹೊರಟ. "ಬ್ಯಾಡ," ಎಂದರು ಅವರು. ಅವನು ಅದ್ದಿಯೇ ಕೊಟ್ಟ. ಅದು ಎಲ್ಲರಿಗೂ ಒಂದೇ ನಿಯಮ ಎಂದ. ಅವನು ಹಾಗೆಂದದ್ದು ನನಗೆ ಬಹಳ ಹಿಡಿಸಿತು.

ಅವತ್ತು ನೀರು ಗಂಜಿಯೂ ಅಲ್ಲ, ತಿಳಿಯೂ ಅಲ್ಲ. ಬಂಡೆಯೊಂದರ ಬಳಿ ಅವನು ಕೈ ತೋರಿಸಿದ. ಟೀಚರಿಗೆ ಗುರುತೇ ಸಿಗಲಿಲ್ಲ. ಅವನು ಮತ್ತೆ ತೋರಿಸಿದ. ಎರಡು ಮೊರದಗಲ, ಕಂದುಬಣ್ಣ, ಅಲ್ಲಲ್ಲಿ ಸಾಸಿವೆ ಅರೆದಂಥ ಹಳದಿ, ಮೈತುಂಬ ಸಣ್ಣ ಸಣ್ಣ ಕಣ್ಣು. ಗಿಳಿಮೀನೊಂದು ಅದರ ಅಂಚನ್ನು ಕಟಕಟ ಕೆರೆದು ತಿನ್ನುತ್ತಿತ್ತು. ಅವರ ಉಸಿರು ಒಮ್ಮೆ ನಿಂತಿತು. ಆಮೇಲೆ ಉದ್ದವಾಯಿತು, ನಿಧಾನವಾಯಿತು, ಪುಸ್ತಕ ಓದುವವರ ಉಸಿರಿನಂತೆ. ನಡುವೆ ಬಿಕ್ಕು ಬಂತು. ನೀರಿನಡಿ ಅತ್ತರೆ ಕಾಣುವುದಿಲ್ಲ, ನನಗೆ ಮಾತ್ರ ತಿಳಿಯುತ್ತದೆ. ಅಷ್ಟು ವರ್ಷ ಅಷ್ಟು ಬಾಯಲ್ಲಿ ಕೂತವನಿಗೆ ಅವತ್ತು ಹೆಮ್ಮೆಯಾಯಿತು.

ದಡ ಹತ್ತಿರವಾಗಿ ಮೊಬೈಲಿಗೆ ಸಿಗ್ನಲ್ ಬಂದೊಡನೆ ಅವರು ಗದಗಿಗೆ ಫೋನ್ ಹಚ್ಚಿದರು. ಇಂಜಿನ್ ಸದ್ದಿಗೆ ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿತು.

"ಮೆಹರೂ, ಹವಳ ನೋಡಿದೆ."

"ಮತ್ತೊಮ್ಮೆ ನೋಡಿದ್ರೇನ್ರಿ, ಅಕ್ಕೋರ?"

"ಮತ್ತೊಮ್ಮೆ ಅಲ್ಲ. ಮೊದಲನೇ ಸಲ."

ವಾದಿರಾಜರು ಅಕ್ಕನ ಮುಖವನ್ನೇ ನೋಡುತ್ತಿದ್ದರು.

"ಕೆಂಪು ಅಲ್ಲ, ಮೆತ್ತಗೂ ಇಲ್ಲ. ಕಂದು ಬಣ್ಣ, ಕಲ್ಲಿನಂಗ ಬಿರುಸು. ನಾಳೆ ಹುಡುಗ್ಯಾರಿಗೆ ಹೇಳಿಬಿಡು. ಅಕ್ಕೋರು ಸುಳ್ಳು ಹೇಳಿದ್ರು ಅನ್ನು."

"ಹಂಗ ಹೆಂಗ ಹೇಳ್ಲಿರಿ?"

"ನನ್ನ ಹೆಸರು ಹಿಡದ ಹೇಳು. ಯಾರು ತೋರ್ಸಿದ್ರು ಅಂತ ಕೇಳಿದ್ರ, ಶನಿಯಾರ ಮೊಗೇರ ಅಂತ ಹೇಳು. ಯಾರ ಉಸಿರಿನಾಗ ಅಂತ ಕೇಳಿದ್ರ, ಅವನ ಹೆಸರನ್ನ ಹೇಳು."

ಚುಕ್ಕಾಣಿಯ ಬಳಿ ಕೂತಿದ್ದ ಶನಿಯಾರ ಸಮುದ್ರದ ಕಡೆ ಮುಖ ತಿರುಗಿಸಿಕೊಂಡ.

ಈಗ ನನಗೆ ವಯಸ್ಸಾಯಿತು. ಹೊಟ್ಟೆಯ ಪರದೆ ಗಟ್ಟಿಯಾಗಿದೆ. ನನ್ನ ಬಿಡಿಭಾಗ ಮಾಡುವುದನ್ನು ಕಾರ್ಖಾನೆ ನಿಲ್ಲಿಸಿತಂತೆ. ರಿಪೇರಿಯವನು ಇದನ್ನು ಎಸೆದುಬಿಡಿ ಎಂದ. ಶನಿಯಾರ ಎಸೆಯಲಿಲ್ಲ. ಗಾಳಿಯ ಕೊಳವೆ ಕಳಚಿ, ದಿನಾ ಬೆಳಿಗ್ಗೆ ದೋಣಿ ಹೊರಡುವ ಮುನ್ನ ಪಾಠ ಹೇಳಲು ಇಟ್ಟುಕೊಂಡಿದ್ದಾನೆ. ಹೊಸಬರು ಬೆಂಚಿನ ಮೇಲೆ ಕೂತು ಮಾಲ್ಡೀವ್ಸು ಮೇಲೋ ಅಂಡಮಾನು ಮೇಲೋ ಎಂದು ವಾದಿಸುತ್ತಿರುತ್ತಾರೆ. ಅವನು ನನ್ನನ್ನು ಹಲ್ಲಿನ ನಡುವೆ ಇಟ್ಟು ಹೀಗೆ ಕಚ್ಚಬೇಕು ಎಂದು ತೋರಿಸಿ, ಔಷಧಿ ನೀರಿಗೆ ಅದ್ದಿ ಮುಂದೆ ಚಾಚುತ್ತಾನೆ. ಕೆಲವರು ಟಿಶ್ಯೂ ಹುಡುಕುತ್ತಾರೆ, ಕೆಲವರು ಪಕ್ಕದವರ ಮುಖ ನೋಡುತ್ತಾರೆ, ಕೆಲವರ ಕೈ ಬೆನ್ನ ಹಿಂದೆ ಹೋಗುತ್ತದೆ. ನನಗೆ ಸಿಟ್ಟು ಬರುವುದಿಲ್ಲ ಎಂದುಕೊಳ್ಳಬೇಡಿ. ಬರುತ್ತದೆ, ಈ ವಯಸ್ಸಿನಲ್ಲೂ ಬರುತ್ತದೆ.

ಮೊದಲೆಲ್ಲ ಇಂಥ ಹೊತ್ತಿನಲ್ಲಿ ಶನಿಯಾರ ಹಲ್ಲು ಕಾಣದಂತೆ ನಕ್ಕು ಬೇರೆಯದನ್ನು ಕೊಡುತ್ತಿದ್ದ. ಈಗ ನಗುವುದಿಲ್ಲ, ಬೇರೆಯದನ್ನು ತರುವುದೂ ಇಲ್ಲ. ಚಾಚಿದ ಕೈ ಚಾಚಿದಂತೆಯೇ ಇರುತ್ತದೆ, ಅವರು ತೆಗೆದುಕೊಳ್ಳುವ ತನಕ.