ಟೈಲರ್ ಸಾಹೇಬರ ರೆಕ್ಕೆ

ತಾತ ಮರದ ಚೌಕಟ್ಟಿಗೆ ಬಟ್ಟೆ ಹೊಲಿದು, ಮೇಲೆ ಅಂಟು ಬಳಿದು ವಿಮಾನ ಮಾಡುತ್ತಿದ್ದ ಕಾಲದವರು. ಮಗನೋ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಎದೆಯುಬ್ಬಿಸಿ ನಡೆದವನು. ನಲವತ್ತು ವರ್ಷದಿಂದ ಅಪ್ಪನನ್ನು "ಟೈಲರ್ ಸಾಹೇಬ್ರು" ಎಂದೇ ಆಡಿಕೊಳ್ಳುತ್ತಿದ್ದ.

ಈಗ ಅವನ ಮಗಳೂ ಅವರಿಬ್ಬರೂ ದುಡಿದ ವಿಮಾನ ಕಾರ್ಖಾನೆಗೇ ಸೇರಿದಳು. ಮೊದಲ ವಾರ ಮುಗಿಸಿ ಬಂದವಳನ್ನು ಅವನು ಗತ್ತಿನಿಂದ ಕೇಳಿದ: "ಏನಮ್ಮಾ, ರೆಕ್ಕೆಗೆ ಎಷ್ಟು ರಿವೆಟ್ ಹೊಡೆದೆ?"

"ರಿವೆಟ್ಟಾ? ಕಾರ್ಬನ್ ನೂಲಿನ ಬಟ್ಟೆ ಕತ್ತರಿಸಿ, ಪದರ ಪದರವಾಗಿ ಅಂಟಿಸಿ, ದೊಡ್ಡ ಓವನ್ನಲ್ಲಿ ಬೇಯಿಸಿದ್ವಿ ಅಪ್ಪಾ. ರೆಕ್ಕೆ ರೆಡಿ!"

ಅವನ ಮುಖ ಇಂಗು ತಿಂದ ಮಂಗನಂತಾಯಿತು. ತಾತ ಎದ್ದು ಹೋಗಿ, ತಮ್ಮ ಹಳೇ ಕತ್ತರಿ, ಸೂಜಿ, ದಾರ ತಂದು ಮಗನ ತೊಡೆಯ ಮೇಲಿಟ್ಟರು.

"ರೆಕ್ಕೆ ಆಮೇಲೆ. ಮೊದ್ಲು ಕಾಜಾ ಹೊಲಿಯೋದು ಕಲಿ."