ಸಮುದ್ರಕ್ಕೆ ಹೋಗುವ ತಾಲೀಮು

ಒಂದು ಕುಟುಂಬದ ಇತಿಹಾಸದಲ್ಲಿ ಮದುವೆ, ಮರಣ, ಮನೆ ಪಾಲು ಇವೆಲ್ಲ ಹೇಗೋ ಬಗೆಹರಿಯುತ್ತವೆ. ಬಗೆಹರಿಯದೆ ತಲೆಮಾರಿನಿಂದ ತಲೆಮಾರಿಗೆ ದಾಟಿ ಬರುವ ಪ್ರಶ್ನೆ ಒಂದೇ: ಕಾರಿನ ಹಿಂದಿನ ಸೀಟಿನಲ್ಲಿ ನಡುವೆ ಕೂರುವವರು ಯಾರು? ಈ ಗಹನ ವಿಚಾರವನ್ನು ಇತ್ಯರ್ಥ ಮಾಡಲೆಂದೇ ಗುರುವಾರ ಸಂಜೆ ಅಪ್ಪ ಊಟದ ಕುರ್ಚಿಗಳನ್ನು ಹಜಾರಕ್ಕೆ ಎಳೆದು ತಂದು, ಮುಂದೆ ಎರಡು ಹಿಂದೆ ಮೂರು ಜೋಡಿಸಿ, ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲುಗಳನ್ನು ಬರೆದ.

ಅಪ್ಪನದು ರಂಗಮಂದಿರದಲ್ಲಿ ಪರದೆಯ ಹಿಂದಿನ ಉಸ್ತುವಾರಿ. ಯಾವ ನಟ ಯಾವ ಕಡೆಯಿಂದ ಬರಬೇಕು, ದೀಪ ಯಾವಾಗ ಆರಬೇಕು, ಎರಡನೆಯ ಅಂಕದ ಸೋಫಾ ಯಾವ ಮೂಲೆಯಲ್ಲಿರಬೇಕು ಎಂಬುದೆಲ್ಲ ಅವನ ಸುಪರ್ದಿಗೆ ಸೇರಿದ್ದು. ಒಂದು ಆಯುಷ್ಯ ಈ ಕೆಲಸ ಮಾಡಿ ಅವನಲ್ಲಿ ಒಂದು ನಂಬಿಕೆ ಬಲಿತುಬಿಟ್ಟಿತ್ತು. ತಾಲೀಮು ಆಗದ ಯಾವುದೂ ಜಗತ್ತಿನಲ್ಲಿ ನೆಟ್ಟಗೆ ನಡೆಯುವುದಿಲ್ಲ. ಮಗಳ ಮದುವೆಗೂ ತಾಲೀಮು ನಡೆದಿತ್ತು. ಅಳಿಯನಾಗುವವನು ಅದರಲ್ಲಿ ಎಷ್ಟು ಪಳಗಿದನೆಂದರೆ, ನಿಜವಾದ ಮದುವೆಯ ದಿನ ಯಾರೂ ಹೇಳದೆಯೇ ಸರಿಯಾದ ಜಾಗಕ್ಕೆ ಹೋಗಿ ನಿಂತು ಆಕಳಿಸಿದ.

ಈ ಸಲದ ಪ್ರಯೋಗ, ಕಡಲತೀರದ ಒಂದು ಪುಟ್ಟ ಊರಿನಲ್ಲಿ ಶನಿವಾರ, ಭಾನುವಾರ ಕಳೆದು ಬರುವುದು. ಮುಂದಿನ ವಾರಕ್ಕೆ ಲಾಡ್ಜಿನಲ್ಲಿ ಎರಡು ಕೋಣೆ ಹೇಳಿಟ್ಟಾಗಿತ್ತು. ಈ ವಾರ ತಾಲೀಮು.

ಇದೇ ಊರಿಗೆ ಹೊರಡುವ ಯೋಜನೆ ಹಿಂದೆಯೂ ಆಗಿತ್ತು, ಒಂದಲ್ಲ ಮೂರು ಸಲ. ಮೂರರ ತಾಲೀಮೂ ಅಮೋಘವಾಗಿ ನಡೆದಿತ್ತು. ಹೊರಡುವುದು ಮಾತ್ರ ಒಮ್ಮೆಯೂ ಆಗಿರಲಿಲ್ಲ. ಕಾರಣ ಸರಳ. ತಾಲೀಮಿಗೆ ಚಕ್ಕರ್ ಹೊಡೆದರೆ ಅಪ್ಪ ವಾರಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತಿದ್ದ. ಆದ್ದರಿಂದ ಎಲ್ಲರೂ ಕಾಡಿ ಬೇಡಿ ತಾಲೀಮಿಗೆಂದು ಕೆಲಸಕ್ಕೆ ರಜೆ ಹಾಕುತ್ತಿದ್ದರು. ಮರುವಾರ ಪ್ರಯಾಣಕ್ಕೆಂದು ಮತ್ತೆ ಹೋಗಿ ಹಲ್ಲುಗಿಂಜಿದರೆ ಯಾವ ಮೇಲಧಿಕಾರಿ ರಜೆ ಕೊಟ್ಟಾನು? ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಲಿಫ್ಟ್ ರಿಪೇರಿಯವನು. ಇಬ್ಬರದೂ ಊರಿಗೆಲ್ಲ ಬೇಕಾದ ಕೆಲಸ. ನೆಂಟರಲ್ಲಿ ಯಾರಾದರೂ ಕಡಲೂರಿಗೆ ಹೋಗಿದ್ದಿರಾ ಎಂದು ಕೇಳಿದರೆ ಮಗಳು, ಹೋಗಿಲ್ಲ, ಆದರೆ ಹೋಗೋದು ಬಾಯಿಪಾಠ ಆಗಿದೆ ಎನ್ನುತ್ತಿದ್ದಳು.

ಕುರ್ಚಿಗಳ ಸುತ್ತ ಚರ್ಚೆ ನಡೆಯಿತು. ಮುಂದಿನ ಕುರ್ಚಿ ದೊಡ್ಡಪ್ಪನಿಗೆ. ಅಪ್ಪನ ಅಣ್ಣನಾದ ಅವನು ಒಂಟಿ ಜೀವ, ಮಹಡಿಯ ಮೇಲಿನ ಕೋಣೆಯಲ್ಲಿ ವಾಸ. ವಿಮಾ ಏಜೆಂಟನಾಗಿ ದುಡಿದು ನಿವೃತ್ತನಾಗಿದ್ದರೂ ಅಪಾಯಗಳು ಅವನ ತಲೆಯಿಂದ ನಿವೃತ್ತವಾಗಿರಲಿಲ್ಲ. ಹಿಂದೆ ಕೂತರೆ ತನ್ನ ಸೊಂಟ ಹಿಡಿದುಕೊಳ್ಳುತ್ತದೆಂದು ಅವನು ಮೊದಲೇ ಎಚ್ಚರಿಸಿದ. ಮಗಳಿಗೆ ಕಿಟಕಿ ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಅಳಿಯನನ್ನು ನಡುವೆ ಕೂರಿಸಿ ನೋಡಿದರೆ ಅವನ ಮಂಡಿ ಗಲ್ಲಕ್ಕೆ ಬಂತು. ಉಳಿದವಳು ಅಮ್ಮ. ಅಮ್ಮನಿಗೆ ಏನಾದರೂ ಆಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅಮ್ಮನಿಗೆ ಏನೂ ಆಗುವುದಿಲ್ಲ ಎಂಬುದರ ಮೇಲೆಯೇ ಆ ಮನೆ ನಿಂತಿತ್ತು.

ಅಮ್ಮ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಂದವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಅಕ್ಷರಗಳನ್ನು ಓದಿಸುವುದು ಅವಳ ದಿನಚರಿ. ಗ್ಲಾಸು ಬದಲಿಸಿ, ಈಗ ಹೇಗೆ, ಈಗ ಹೇಗೆ ಎಂದು ಕೇಳುವುದು. ಆ ಗೋಡೆ ಹತ್ತಡಿ ದೂರದಲ್ಲಿದೆ. ಅಂಗಡಿಗೆ ಕಿಟಕಿಯಿಲ್ಲ. ಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಪೈಪು. ತನಗೆ ಸಮುದ್ರ ನೋಡಬೇಕು ಎಂದು ಅವಳು ಮೊದಲ ಯೋಜನೆಯ ಕಾಲದಲ್ಲೇ ಹೇಳಿದ್ದಳು. ಹೇಳಿದ್ದನ್ನು ಎರಡು ಸಲ ಹೇಳುವ ಜಾಯಮಾನ ಅವಳದಲ್ಲ.

ಶುಕ್ರವಾರ ಪೆಟ್ಟಿಗೆ ತುಂಬುವ ಕಾರ್ಯಕ್ರಮ. ಡಿಕ್ಕಿಯಲ್ಲಿ ಜಾಗ ಸಾಲುತ್ತದೋ ಇಲ್ಲವೋ ನೋಡಬೇಕಲ್ಲ. ಬಟ್ಟೆ ಹಾಕಿದರೆ ವೃಥಾ ಸುಕ್ಕಾಗುತ್ತದೆ, ಖಾಲಿ ಪೆಟ್ಟಿಗೆ ಹೊತ್ತರೆ ಅದು ಖಾಲಿಯೆಂದು ಹೊರುವವನ ಹೆಗಲೇ ಸಾರಿ ಹೇಳುತ್ತದೆ ಎಂಬುದು ರಂಗಭೂಮಿಯಿಂದ ಅಪ್ಪ ತಂದ ಜ್ಞಾನ. ಹಾಗಾಗಿ ಪ್ರತಿ ಪೆಟ್ಟಿಗೆಗೂ ಹಳೆಯ ನಾಟಕಗಳ ಕರಪತ್ರ, ಹರಿದ ಸೋಫಾದ ಸ್ಪಂಜು, ತೂಕಕ್ಕೆ ಒಂದೊಂದು ಇಟ್ಟಿಗೆ. ಅಮ್ಮ ತನ್ನ ಚೀಲಕ್ಕೆ ಮಾತ್ರ ನಿಜವಾದ ಬಟ್ಟೆ, ಟವೆಲ್ಲು, ಓದುತ್ತಿದ್ದ ಕಾದಂಬರಿ ತುಂಬಿದಳು. ಅಪ್ಪ ಹುಬ್ಬೇರಿಸಿದಾಗ, ಎರಡೆರಡು ಸಲ ತುಂಬುವುದಕ್ಕೆ ತನಗೆ ಪುರುಸೊತ್ತಿಲ್ಲವೆಂದಳು. ಆಕಾರ ಸರಿಯಿದ್ದುದರಿಂದ ಅಪ್ಪ ಒಪ್ಪಿದ.

ಶನಿವಾರ ಬೆಳಿಗ್ಗೆ ಅಪ್ಪ ರಂಗಮಂದಿರದಿಂದ ತಂದ ಗಂಟೆಯನ್ನು ಮೂರು ಸಲ ಬಾರಿಸಿದ. ಗ್ಯಾಸ್ ಆಫ್ ಆಯಿತು. ನಲ್ಲಿಗಳನ್ನು ಮುಟ್ಟಿ ನೋಡಲಾಯಿತು. ಹಾಲಿನವನಿಗೆ ಎರಡು ದಿನ ಬೇಡವೆಂದು ಹೇಳಿಯಾಗಿತ್ತು, ತಾಲೀಮೆಂದ ಮೇಲೆ ಅರೆಬರೆ ಸಲ್ಲದು. ಪಕ್ಕದ ಮನೆಯಾಕೆಗೆ ಬೀಗದ ಕೈ ಕೊಟ್ಟಾಗ ಆಕೆ, ಇದು ನಿಜವಾದದ್ದೋ ಹೋದ ಸಲದಂಥದ್ದೋ ಎಂದು ವಿಚಾರಿಸಿಕೊಂಡಳು. ಐವರೂ ಸೀಮೆಸುಣ್ಣದ ಕಾರಿನಲ್ಲಿ ಕಲಿತಂತೆಯೇ ನಿಜವಾದ ಕಾರಿನಲ್ಲಿ ಕೂತರು. ಊರಾಚೆಯ ಸೇತುವೆಯವರೆಗೆ ಹೋಗಿ, ಅಲ್ಲಿ ತಿರುಗಿಸಿಕೊಂಡು ವಾಪಸು ಬರುವುದೆಂದು ಗೊತ್ತುಪಡಿಸಲಾಗಿತ್ತು.

ಎಲ್ಲವೂ ಹೂವಿನ ಸರ ಎತ್ತಿದಂತೆ ನಡೆಯಿತು. ದೊಡ್ಡಪ್ಪ ಸೀಟ್ ಬೆಲ್ಟನ್ನು ಎರಡು ಸಲ ಬಿಚ್ಚಿ ಹಾಕಿ ಪರೀಕ್ಷಿಸಿದ. ಮಗಳ ಹೊಟ್ಟೆ ತಣ್ಣಗಿತ್ತು. ಸೇತುವೆ ಬಂತು. ಅಪ್ಪ ವೇಗ ತಗ್ಗಿಸಿ, ತಿರುಗಿಸಲು ಕೈ ಹೊರಗೆ ಚಾಚಿದ.

“ತಿರುಗಿಸಬೇಡಿ,” ಎಂದಳು ನಡುವಿನಿಂದ ಅಮ್ಮ.

ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದ. “ಇಲ್ಲೇ ಕಣೇ ತಿರುಗಿಸೋದು. ಗುರುವಾರ ಹೇಳಿದ್ನಲ್ಲ.”

“ನೆಟ್ಟಗೆ ಹೋಗಿ. ಸಮುದ್ರ ಆ ಕಡೆ ಇರೋದು.”

“ಅದು ಮುಂದಿನ ವಾರ. ಇವತ್ತು ತಾಲೀಮು.”

“ಮುಂದಿನ ವಾರ ಇವಳಿಗೆ ಡ್ಯೂಟಿ ಬೀಳುತ್ತೆ. ಇವನ ಯಾವುದೋ ಲಿಫ್ಟ್ ನಾಲ್ಕನೇ ಮಹಡೀಲಿ ಸಿಕ್ಕಿಹಾಕ್ಕೊಳ್ಳುತ್ತೆ. ಭಾವನಿಗೆ ಸೊಂಟ. ನಿಮ್ಮಲ್ಲಿ ಇನ್ನೊಂದು ಆಟ ಜಾಸ್ತಿ ಹಾಕ್ತಾರೆ. ಇವತ್ತು ಐದು ಜನಾನೂ ಇದೀವಿ, ಎಲ್ಲರಿಗೂ ರಜ ಇದೆ, ಬಾಗಿಲಿಗೆ ಬೀಗ ಬಿದ್ದಿದೆ. ಹೊರಡೋಕೆ ಇನ್ನೇನ್ರೀ ಬೇಕು?”

ಅಪ್ಪ ಕಾರನ್ನು ಅಲ್ಲೇ ನಿಲ್ಲಿಸಿದ. ಹಿಂದಿನಿಂದ ಒಂದು ಲಾರಿ ಹಾರ್ನ್ ಒತ್ತತೊಡಗಿತು. ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡು, ಕೋಣೆ ಇಲ್ಲ, ಪೆಟ್ಟಿಗೆಯಲ್ಲಿ ಇಟ್ಟಿಗೆ ಇದೆ, ಸ್ಟೆಪ್ನಿ ಟೈರಿನ ಗಾಳಿಯನ್ನು ಯಾರೂ ನೋಡಿಲ್ಲ ಎಂದು ಒಂದೊಂದೇ ಅಪಾಯವನ್ನು ಮುಂದಿಟ್ಟ. ಮಗಳು, ಅಳಿಯ ಅಮ್ಮನ ತಲೆಯ ಮೇಲಿನಿಂದ ಒಬ್ಬರನ್ನೊಬ್ಬರು ನೋಡಿದರು. ಮುಂದಿನ ಶನಿವಾರದ ರಜೆ ಇಬ್ಬರಿಗೂ ಸಿಕ್ಕಿರಲಿಲ್ಲ. ಅದನ್ನು ಅಪ್ಪನಿಗೆ ಹೇಳುವ ಧೈರ್ಯವೂ ಇಬ್ಬರಿಗೂ ಬಂದಿರಲಿಲ್ಲ.

“ನಾನು ದಿನಾ ಹತ್ತಡಿ ದೂರ ನೋಡ್ತೀನಿ,” ಎಂದಳು ಅಮ್ಮ. ದನಿ ಏರಲಿಲ್ಲ. “ಅದರಾಚೆ ಏನಾದ್ರೂ ನೋಡಿ ಎಷ್ಟು ಕಾಲ ಆಯ್ತೋ. ನೀವು ತಿರುಗಿಸಿದ್ರೆ ನಾನಿಲ್ಲಿ ಇಳಿದು ಬಸ್ ಹತ್ತೀನಿ. ನನ್ನ ಚೀಲದಲ್ಲಿ ಬಟ್ಟೆ ಇದೆ.”

ಅಪ್ಪ ಚಾಚಿದ ಕೈಯನ್ನು ಒಳಗೆಳೆದುಕೊಂಡ. ನಾಟಕದ ನಡುವೆ ನಟಿಯೊಬ್ಬಳು ಬರೆಯದ ಮಾತು ಆಡಿದರೆ ಪರದೆ ಎಳೆಯಬೇಕೋ ಬೇಡವೋ ಎಂಬ ಸಂದಿಗ್ಧ ಅವನಿಗೆ ಹೊಸದಲ್ಲ. ಅಂಥಲ್ಲೆಲ್ಲ ಅವನು ಮೊದಲು ನೋಡುತ್ತಿದ್ದದ್ದು ಪ್ರೇಕ್ಷಕರನ್ನು. ಕನ್ನಡಿಯಲ್ಲಿ ಮಗಳು, ಅಳಿಯ ಇಬ್ಬರೂ ಉಸಿರು ಬಿಗಿಹಿಡಿದಿದ್ದರು.

ಅಷ್ಟರಲ್ಲಿ ಲಾರಿಯವನು ಇಳಿದು ಬಂದು ಕಿಟಕಿಗೆ ಬಗ್ಗಿದ. “ಯಜಮಾನ್ರೇ, ಹೋಗ್ತೀರೋ, ಇಲ್ಲೇ ಮನೆ ಕಟ್ತೀರೋ?”

“ಹೋಗ್ತೀವಿ,” ಎಂದ ಅಪ್ಪ. ನೆಟ್ಟಗೆ ಹೋದ.

ಸೇತುವೆ ದಾಟಿದ ಮೇಲೆ ಬಹಳ ಹೊತ್ತು ಅಪ್ಪನ ಕೈ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿತ್ತು. ತಾಲೀಮಿನಲ್ಲಿ ಬಾರದ ರಸ್ತೆ ಅದು, ಪ್ರತಿ ತಿರುವೂ ಮುನ್ಸೂಚನೆಯಿಲ್ಲದೆ ಎದುರಾಗುತ್ತಿತ್ತು. ಒಂದು ಕವಲಿನಲ್ಲಿ ದಾರಿ ತಪ್ಪಿ, ಹೆಂಚಿನ ಕಾರ್ಖಾನೆಯೊಂದರ ಅಂಗಳಕ್ಕೆ ಹೋಗಿ ನಿಂತರು. ಬೇರೆ ದಿನವಾಗಿದ್ದರೆ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಈಗ ಅವನು ಕಾವಲುಗಾರನನ್ನು ದಾರಿ ಕೇಳಿ, ಅವನು ಕೊಟ್ಟ ನೀರು ಕುಡಿದು, ನಗುತ್ತಾ ಬಂದು ಕೂತ. ಸ್ಟೆಪ್ನಿಯನ್ನು ಕಾವಲುಗಾರನೇ ಒದ್ದು ನೋಡಿ ಪಾಸು ಮಾಡಿದನೆಂದು ದೊಡ್ಡಪ್ಪನಿಗೆ ವರದಿ ಒಪ್ಪಿಸಿದ. ಅಳಿಯ ಕಿಟಕಿಯ ಜಾಗವನ್ನು ಅಮ್ಮನಿಗೆ ಬಿಟ್ಟುಕೊಟ್ಟು, ಮಂಡಿಯನ್ನು ಗಲ್ಲಕ್ಕೆ ಏರಿಸಿಕೊಂಡು ನಡುವೆ ಮುದುಡಿದ. ಈ ಸಲ ಯಾರೂ ಕುರ್ಚಿ ಜೋಡಿಸಿ ನೋಡಲಿಲ್ಲ.

ಊರು ಎಂದರೆ ಸಮುದ್ರದ ಕಡೆಗೆ ಜಾರಿದ ಒಂದು ಬೀದಿ. ಒಂದು ತುದಿಯಲ್ಲಿ ಮಂಜುಗಡ್ಡೆಯ ಕಾರ್ಖಾನೆ, ಇನ್ನೊಂದು ತುದಿಯಲ್ಲಿ ಬಂದರಿನ ಕಟ್ಟೆ. ನಡುವೆ ಬಲೆ, ಹಗ್ಗ ಮಾರುವ ಅಂಗಡಿ, ಅದರ ಮಹಡಿಯ ಮೇಲೆ ಲಾಡ್ಜು. ಒಡತಿ ಪುಸ್ತಕ ತೆರೆದು, ನಿಮ್ಮ ಹೆಸರು ಮುಂದಿನ ವಾರಕ್ಕಿದೆ ಎಂದಳು. ಅಪ್ಪ ತಾಲೀಮಿನ ವಿಷಯವನ್ನು ಬುಡದಿಂದ ವಿವರಿಸಹೊರಟ. ಅವಳು ಅರ್ಧಕ್ಕೇ ಕೈಯೆತ್ತಿ, ಒಂದು ಕೋಣೆ ಖಾಲಿಯಿದೆ, ಇನ್ನೊಂದರಲ್ಲಿ ಹಾಸಿಗೆ ಪೇರಿಸಿದ್ದೇನೆ, ಆ ಹಾಸಿಗೆಗಳ ಮೇಲೆಯೇ ಮಲಗುವುದಾದರೆ ಮಲಗಿ ಎಂದಳು. ಪೆಟ್ಟಿಗೆಯನ್ನು ಮೇಲೆ ಹೊತ್ತ ಆಳು ಏದುಸಿರು ಬಿಡುತ್ತಾ ಕೆಳಗಿಟ್ಟಾಗ ಮುಚ್ಚಳ ತೆರೆದುಕೊಂಡು ಎಲ್ಲವೂ ಹೊರಗೆ ಬಂತು. ಒಡತಿ ಕರಪತ್ರ, ಸ್ಪಂಜುಗಳನ್ನು ಕಾಲಿನಿಂದ ಸರಿಸಿ ನೋಡಿದಳು.

“ಇಟ್ಟಿಗೆ ನಮ್ಮೂರಲ್ಲೂ ಸಿಗುತ್ತಪ್ಪ. ಅಷ್ಟು ದೂರದಿಂದ ಹೊತ್ಕೊಂಡು ಬರಬೇಕಿತ್ತಾ?”

ಹಗ್ಗದಂಗಡಿಯಲ್ಲಿ ಬಂದರಿನ ಕೆಲಸಗಾರರು ತೊಡುವ, ಹೆಗಲಿಗೆ ಏರಿಸಿಕೊಳ್ಳಲು ರಬ್ಬರ್ ಪಟ್ಟಿಯಿರುವ ನೀಲಿ ಚಡ್ಡಿಗಳಿದ್ದವು. ಗಂಡಸರು ಮೂವರೂ ಅದನ್ನೇ ಕೊಂಡು ತೊಟ್ಟರು. ದೊಡ್ಡಪ್ಪನ ಅಳತೆ ಇರಲಿಲ್ಲ. ಅವನು ದೊಡ್ಡದನ್ನೇ ಹಾಕಿಕೊಂಡು, ಗಾಳಿಯಾಡುತ್ತೆ, ಸೊಂಟಕ್ಕೆ ಒಳ್ಳೆಯದು ಎಂದ. ಮಗಳು ಅಮ್ಮನ ಚೀಲದಿಂದ ಒಂದು ಜೊತೆ ಬಟ್ಟೆ ಎಗರಿಸಿದಳು. ತುಸು ಹೊತ್ತಿನಲ್ಲಿ ಅವಳೂ ಅಳಿಯನೂ ಮಂಡಿಯುದ್ದ ನೀರಿನಲ್ಲಿ ನಿಂತು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ದೊಡ್ಡಪ್ಪ ದಡದಲ್ಲಿ ನಿಂತು, ಅಲೆಗಳು ಇನ್ನೆಷ್ಟು ಮೇಲೆ ಬರಬಹುದೆಂದು ಒಬ್ಬ ಬಲೆ ಹೆಣೆಯುವವನ ಜೊತೆ ವಾದಕ್ಕಿಳಿದ.

ಅಮ್ಮ ಕಟ್ಟೆಯ ಮೇಲೆ ಕೂತಳು. ಕಾದಂಬರಿ ಮಡಿಲಲ್ಲಿ ಮುಚ್ಚಿದಂತೆಯೇ ಇತ್ತು. ಅಪ್ಪ ಲಾಡ್ಜಿನಿಂದ ಒಂದು ಕುರ್ಚಿ ತಂದು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಲೆಕ್ಕಹಾಕಿ ಎಡಕ್ಕಿಟ್ಟ. ಆಮೇಲೆ ಬಲಕ್ಕಿಟ್ಟ. ಮೂರನೆಯ ಜಾಗ ಹುಡುಕುವಷ್ಟರಲ್ಲಿ ಅಮ್ಮ ತನ್ನ ಪಕ್ಕದ ಕಲ್ಲನ್ನು ಕೈಯಿಂದ ತಟ್ಟಿದಳು. ಅವನು ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದು ಕೂತ.

ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ತಡೆಯಲಾಗಲಿಲ್ಲ. “ಏನು ಕಾಣುತ್ತೆ?”

“ಏನೂ ಇಲ್ಲ,” ಎಂದಳು ಅಮ್ಮ. “ಅಲ್ಲೀತನಕ ಏನೂ ಇಲ್ಲ ನೋಡಿ.”

ಅಪ್ಪ ನೋಡಿದ. ನಿಜವಾಗಿಯೂ ಅಲ್ಲಿ ಏನೂ ಇರಲಿಲ್ಲ. ಇಷ್ಟು ದೊಡ್ಡ ಜಾಗವನ್ನು ಹೀಗೆ ಖಾಲಿ ಬಿಡುವುದೇ ಎಂದು ಅವನ ವೃತ್ತಿಮನಸ್ಸು ಒಮ್ಮೆ ಮಿಡುಕಿತು. ನಡುವಿಗೊಂದು ದೋಣಿಯಾದರೂ ಬೇಕಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳದಿರುವಷ್ಟು ಬುದ್ಧಿ ಅವನಿಗೆ ಸೇತುವೆಯ ಮೇಲೆಯೇ ಬಂದಿತ್ತು.

ಭಾನುವಾರ ಸಂಜೆಯವರೆಗೂ ಅಮ್ಮ ಊಟಕ್ಕೆ, ನಿದ್ದೆಗೆ ಬಿಟ್ಟರೆ ಅಲ್ಲಿಂದ ಏಳಲಿಲ್ಲ. ಸೋಮವಾರ ದೊಡ್ಡಪ್ಪನೊಬ್ಬನನ್ನು ಬಿಟ್ಟು ಎಲ್ಲರೂ ಕೆಲಸಕ್ಕೆ ಹೋದರು.