ಬಾಗಿಲ ಈ ಕಡೆ

ನೀರೇ ಕುದೀತಿರೋದು, ಯಾರೂ ಮಾತಾಡ್ತಿಲ್ಲ, ಸರಿಯಾಗಿ ಕೇಳಿಸ್ಕೋ, ಗುಳುಗುಳು ಅನ್ನೋದು ನೀರು, ತಲೆಯೊಳಗಿನ ಆ ದನಿಗಳಾಗಿದ್ರೆ ಹೆಸರು ಹಿಡಿದು ಬೈತಿದ್ವು — ಒಲೆ ಸಣ್ಣ ಮಾಡು, ಚಹಾಪುಡಿ ಈಗಲೇ ಬೇಡ, ಅಕ್ಕ ಬಂದ ಮೇಲೆ, ಆರಿದ ಚಹಾ ಕೊಟ್ರೆ ಮುಖ ಸಿಂಡರಿಸ್ತಾಳೆ, ಚಿಕ್ಕಂದಿನಿಂದ ಹಾಗೇ, ಮಹಾರಾಣಿ. ಎರಡು ಲೋಟ ತೊಳೆದಿಟ್ಟಿದ್ದೀನಿ, ತಲೆ ಬಾಚಿದ್ದೀನಿ, ಬಸ್ ಸ್ಟ್ಯಾಂಡಿನ ಬೆಂಚಿನ ಕೆಳಗೆ ಮಲಗ್ತಿದ್ದವಳು ಇವಳೇ ಅಂತ ಯಾರಾದ್ರೂ ಹೇಳ್ಲಿ ನೋಡೋಣ — ಮನೆ ಕೊಡಿಸಿದ ಮೇಡಂ ಅಂದ್ರು, ಮೊದಲು ಹುಷಾರಾಗು ಆಮೇಲೆ ಮನೆ ಅನ್ನೋದಿಲ್ಲಮ್ಮ ನಮ್ಮಲ್ಲಿ, ಮೊದಲು ಮನೆ, ಹುಷಾರಾಗೋದು ನಿಧಾನಕ್ಕೆ, ನಾವೂ ಬಾಗಿಲು ಬಡಿದು ಕಾಯ್ತೀವಿ, ನಿನ್ನ ಮನೆ ಇದು. ಬಡಿಯೋದೇನು ಬಂತು, ನಾನು ಬಾಗಿಲು ಹಾಕಿದ್ರೆ ತಾನೆ, ಬಂದಾಗಿನಿಂದ ಇಟ್ಟಿಗೆ ಅಡ್ಡ ಕೊಟ್ಟು ತೆರೆದೇ ಇಟ್ಟಿದ್ದೆ, ಮುಚ್ಚಿದ್ರೆ ಉಸಿರು ಕಟ್ಟುತ್ತೆ. ಇವತ್ತು ಮಾತ್ರ ಹಾಕಿದ್ದೀನಿ, ಚಿಲಕ ಸಮೇತ, ಅಕ್ಕ ನೋಡಿದ್ರೆ ಸಂಸಾರಸ್ಥರ ಮನೆ ಹಾಗಿರ್ಬೇಕು. ಅವಳು ಬರ್ತೀನಿ ಅಂದದ್ದೇ ದೊಡ್ಡದು. ಅವತ್ತು ಅವಳ ಮನೆ ಮುಂದೆ ನಿಂತು ಅಕ್ಕಾ ಅಕ್ಕಾ ಅಂತ ಬಾಗಿಲು ಗುದ್ದಿದ್ದೆ, ಒಳಗಿಂದಾನೇ ಅಂದ್ಲು, ಹೋಗೇ, ಮಕ್ಕಳು ಹೆದರ್ಕೋತಾವೆ, ಕೈ ಮುಗೀತೀನಿ ಹೋಗು — ಅಳ್ತಿದ್ಲು, ನಂಗೆ ಕೇಳಿಸ್ತಿತ್ತು, ಕೋಪ ಇಲ್ಲ ನಂಗೆ, ಚೂರೂ ಇಲ್ಲ, ಅವಳ ಜಾಗದಲ್ಲಿ ನಾನಿದ್ರೂ ತೆಗೀತಿರ್ಲಿಲ್ಲ, ಇವತ್ತು ಅದನ್ನೇ ಹೇಳ್ಬೇಕು, ಮೊದಲು ಚಹಾ, ಆಮೇಲೆ ಆ ಮಾತು, ಬಾಯಿಪಾಠ ಮಾಡಿದ್ದೀನಿ.

ಬಾಗಿಲು ಬಡಿದ್ರು. ಹಾಸಿಗೆಗೆ ಹೋಗು, ಕೂತ್ಕೋ, ಕೈ ಮಂಡಿ ಮೇಲೆ, ಆಸ್ಪತ್ರೆ ವಾರ್ಡಿನಲ್ಲಿ ಬಾಗಿಲು ಸದ್ದಾದ್ರೆ ಹಾಗೇ ತಾನೆ, ಎಲ್ಲರೂ ಅವರವರ ಹಾಸಿಗೆ ಮೇಲೆ, ಬಾಗಿಲ ಹತ್ತಿರ ಸುಳಿಯೋ ಹಾಗಿಲ್ಲ, ಸುಳಿದ್ರೆ ಸಿಸ್ಟರ್ ರೇಗ್ತಾರೆ, ಚಿಲಕ ಅವರ ಕಡೆ, ತೆಗೆಯೋರು ಅವರು, ಎಷ್ಟು ವರ್ಷ ಹಾಗೆ ಕೂತಿದ್ದೀನೋ — ಏ, ನಾನು ಕಣೇ, ಅಕ್ಕ, ಬಾಗಿಲು ತೆಗಿ. ಅಕ್ಕನ ದನಿ! ಸೊರಗಿದೆ, ವಯಸ್ಸಾಯ್ತು ಪಾಪ ಅವಳಿಗೂ. ಬೆನ್ನು ನೆಟ್ಟಗೆ ಮಾಡ್ಕೊಂಡೆ, ಖುಷಿಗೆ ನಗು ತಡೆಯೋಕಾಗ್ತಿಲ್ಲ, ಅಕ್ಕಾ, ನೀನೇ ತೆಗಿ ಅಂದೆ. ತೆಗಿಯೇ, ಅಂದ್ಲು ಮತ್ತೆ, ಮೆತ್ತಗೆ. ನೀನೇ ತೆಗೀಬೇಕು ಅಕ್ಕಾ, ನಾನು ಕೂತಿದ್ದೀನಿ — ಎಷ್ಟು ಜಾಣೆ ಹಾಗೆ ಕೂತಿದ್ದೀನಿ, ಬಂದು ನೋಡ್ಲಿ. ಹೊರಗೆ ಮೂಗು ಒರೆಸ್ಕೊಳ್ಳೋ ಸದ್ದು. ಅವತ್ತು ನಾನು ತೆಗೀಲಿಲ್ಲ, ಇವತ್ತು ನೀನು, ನ್ಯಾಯಾನೇ ಬಿಡು, ಅಂದ್ಲು, ಚೆನ್ನಾಗಿರು ತಾಯಿ. ಏನಂತಾಳೆ ಇವಳು, ಯಾವ ನ್ಯಾಯ, ಬಾರೇ ಒಳಗೆ, ನೀರು ಕುದ್ದು ಕುದ್ದು ಅರ್ಧ ಆಯ್ತು — ಚಪ್ಪಲಿ ಸದ್ದು, ಇಳೀತಿದೆ, ಇಳೀತಾನೇ ಇದೆ, ಅಯ್ಯೋ ಚಿಲಕ, ಚಿಲಕ ನನ್ನ ಕಡೆ, ಹಾಕಿದವಳು ನಾನೇ, ಏಳೇ ಮಂಕೇ, ಏಳು — ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು, ಇಷ್ಟೇನಾ, ಇಷ್ಟೇ ಇತ್ತಾ, ಅಕ್ಕಾ — ಮೆಟ್ಟಿಲು, ಕೆಳಗಿನ ತಿರುವಿನವರೆಗೂ ಖಾಲಿ, ಅಕ್ಕಾ, ಕೋಪ ಇಲ್ಲ ಕಣೇ, ಚೂರೂ — ಖಾಲಿ ಮೆಟ್ಟಿಲು, ಮೆಟ್ಟಿಲು, ಖಾಲಿ ಮೆಟ್ಟಿಲು